ಕೊಳಗದ ಅನ್ನ ಇನ್ನೂ ಬೆಚ್ಚಗಿತ್ತು

ಮೊದಲು ವಾಂತಿ ಮಾಡಿದ್ದು ನನ್ನ ಅಕ್ಕನ ಮಗ. ಆರು ವರ್ಷದವನು. ಹೊಸ ಮನೆಯ ಹಾಲ್‌ನಲ್ಲಿ, ಹಿಂದಿನ ದಿನ ಹಾಕಿದ್ದ ರಂಗೋಲಿಯ ಮೇಲೇ. ಆಗ ಸೋಮವಾರ ಬೆಳಗ್ಗೆ 10:15. ಟೈಮ್ ಇಷ್ಟು ಸರಿಯಾಗಿ ನೆನಪಿರೋದಕ್ಕೆ ಕಾರಣ ಇದೆ. ಆಮೇಲೆ ಇದನ್ನು ಡಾಕ್ಟರಿಗೆ, ಹೆಲ್ತ್ ಇನ್ಸ್‌ಪೆಕ್ಟರಿಗೆ, ಆಶಾ ಅಕ್ಕನಿಗೆ, ಫೋನ್ ಮಾಡಿದ ನೆಂಟರಿಗೆಲ್ಲ ಹೇಳಿ ಹೇಳಿ ಬಾಯಿಪಾಠ ಆಗಿಹೋಯಿತು.

'ನೆನ್ನೆ ಹೋಳಿಗೆ ಜಾಸ್ತಿ ತಿಂದವ್ನೆ, ಅರಗಿಲ್ಲ ಬುಡು' ಅಂದಳು ಅವ್ವ. ಅಕ್ಕ ಒರೆಸೋ ಬಟ್ಟೆ ತರೋಕೆ ಹೋದವಳು ಬಚ್ಚಲಿನಿಂದ ವಾಪಸ್ ಬರಲೇ ಇಲ್ಲ. ಅವಳೂ ಅಲ್ಲೇ ಕೂತು ವಾಂತಿ ಮಾಡುತ್ತಿದ್ದಳು. ಹನ್ನೊಂದು ಗಂಟೆ ಹೊತ್ತಿಗೆ ಇದ್ದ ಎರಡು ಬಚ್ಚಲೂ ಸಾಲಲಿಲ್ಲ. ದೊಡ್ಡಪ್ಪ ಹಿತ್ತಲಿನ ತೆಂಗಿನ ಬುಡ ಹಿಡಿದು ನಿಂತಿದ್ದರು. ನನ್ನ ಹೆಂಡತಿ ಮೆಟ್ಟಿಲ ಮೇಲೆ ಬಕೆಟ್ ಇಟ್ಟುಕೊಂಡು ಕೂತಿದ್ದಳು. ನನಗೆ 11:20ಕ್ಕೆ ಶುರುವಾಯಿತು. ಹೊಟ್ಟೆನೋವು ಅಷ್ಟಿಲ್ಲ, ಜ್ವರ ಇಲ್ಲ, ಭೇದಿಯೂ ಇಲ್ಲ. ಒಳಗಿನಿಂದ ಯಾರೋ ಹಿಂಡಿದ ಹಾಗೆ ಬರೀ ವಾಂತಿ. ಹೊಟ್ಟೆ ಪೂರ್ತಿ ಖಾಲಿಯಾದ ಮೇಲೂ ನಿಲ್ಲದು.

ನಮ್ಮೂರು ಮಂಡ್ಯ ಕಡೆ. ಭಾನುವಾರ ಗೃಹಪ್ರವೇಶ ಮುಗಿಸಿದ್ದೆವು. ಮಾರನೇ ದಿನ ಸೋಮವಾರ ಅಂತ ಬಾಡೂಟ ಇಟ್ಟುಕೊಂಡಿರಲಿಲ್ಲ. ಇಟ್ಟುಕೊಂಡಿದ್ದರೆ ಇವತ್ತಿಗೂ ಎಲ್ಲರೂ 'ಬಾಡು ಸರಿ ಇರಲಿಲ್ಲ' ಅಂತಲೇ ಹೇಳಿಕೊಂಡು ಓಡಾಡುತ್ತಿದ್ದರು. ಯಾಕಂದರೆ ಅನ್ನದ ಮೇಲೆ ಯಾರಿಗೂ ಅನುಮಾನ ಬರಲ್ಲ, ಅಲ್ವಾ?

ಭಾನುವಾರದ ಕಥೆ ಸ್ವಲ್ಪ ಹೇಳಬೇಕು. ಬಾಳೆಲೆ ಊಟ. ಹೋಳಿಗೆ, ಪಾಯಸ, ಕೋಸಂಬರಿ, ಹುರುಳಿಕಾಯಿ ಪಲ್ಯ, ಅನ್ನ, ಸಾರು, ಮಜ್ಜಿಗೆ. ಅಡುಗೆಗೆ ಭಟ್ಟರನ್ನು ಗೊತ್ತುಮಾಡಿದ್ದೆವು. ಮಧ್ಯಾಹ್ನ ಒಂದು ಗಂಟೆಗೆ ಹೆಂಡತಿ ಊರಿನ ಕಡೆಯವರು ಒಂದು ಮಿನಿ ಬಸ್ ತುಂಬ ಬಂದಿಳಿದರು. ಅನ್ನ ಸಾಲದೇ ಹೋದರೆ ಮರ್ಯಾದೆ ಪ್ರಶ್ನೆ. ಅವ್ವ ಗಾಬರಿಯಾಗಿ ಇನ್ನೊಂದು ಕೊಳಗ ಇಡಿಸಿದಳು. ಹತ್ತು ಕೆ.ಜಿ. ಅಕ್ಕಿ. ಅದು ಇಳಿದಾಗ ಒಂದೂವರೆ. ಅಷ್ಟರಲ್ಲಿ ಮೊದಲಿನ ಅನ್ನವೇ ಎಲ್ಲರಿಗೂ ಸಾಕಾಯಿತು. ಕೊನೆ ಕೊಳಗಕ್ಕೆ ಸೌಟು ತಾಗಲಿಲ್ಲ. ಮುಚ್ಚಳ ಮುಚ್ಚಿ, ಮೇಲೆ ಗೋಣಿತಾಟು ಹೊದಿಸಿ, ಹಿತ್ತಲಿನ ಚಪ್ಪರದ ಮೂಲೆಗೆ ತಳ್ಳಿಟ್ಟರು. ಸಂಜೆ ಭಟ್ಟರು ಪಾತ್ರೆ ಲೆಕ್ಕ ಒಪ್ಪಿಸಿ ಹೊರಟರು. ಹೋಗುವಾಗ ಏನೋ ಹೇಳಿದರು. ನಾನು ಶಾಮಿಯಾನದವನ ಜೊತೆ ಫೋನಿನಲ್ಲಿ ಬಾಡಿಗೆ ಜಗಳದಲ್ಲಿದ್ದೆ. 'ಸರಿ ಭಟ್ರೆ, ಸರಿ' ಅಂದೆ.

ಮಾರನೇ ದಿನ ಬೆಳಗ್ಗೆ ಐದೂವರೆಗೆ ಅವ್ವ ಗೋಣಿತಾಟು ಸರಿಸಿ, ಮುಚ್ಚಳ ತೆಗೆದು, ಮೊಣಕೈವರೆಗೆ ಕೈ ಒಳಗೆ ಹಾಕಿ ನೋಡಿದಳು. ಪಕ್ಕದಲ್ಲೇ ನಾನಿದ್ದೆ. ಮೇಲಿನ ಅನ್ನ ತಣ್ಣಗಾಗಿ ಸ್ವಲ್ಪ ಒಣಗಿತ್ತು. ನಡುವಿನಿಂದ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿದಳು. ಬೆಚ್ಚಗಿತ್ತು. ವಾಸನೆ ಇಲ್ಲ, ಅಂಟಿಲ್ಲ, ನೂಲು ಬರ್ತಿಲ್ಲ. ಮಲ್ಲಿಗೆ ಹಾಗೆ ಉದುರು ಉದುರು. 'ನೋಡ್ಲಾ, ಇನ್ನೂ ಬೆಚ್ಚಗೈತೆ. ಏನೂ ಆಗಿಲ್ಲ. ಎಲ್ಲಾರ್ಗೂ ಪುಳಿಯೋಗರೆ ಕಲೆಸಾಕ್ತೀನಿ' ಅಂದಳು.

ಇನ್ನೂ ಬೆಚ್ಚಗಿದೆ ಅಂದರೆ ಕೆಟ್ಟಿಲ್ಲ ಅಂತ ನಾನೂ ನಂಬಿಕೊಂಡಿದ್ದೆ. ಮನೆಯಲ್ಲಿ ಎಲ್ಲರೂ ನಂಬಿದ್ದರು. ಈಗ ಅದನ್ನು ನೆನಪಿಸಿಕೊಂಡರೆ ಅಂಗೈ ಜುಮ್ ಅನ್ನುತ್ತೆ.

ಗೊಜ್ಜು ಕಾಯಿಸಿ, ಕಡಲೆಬೀಜ ಹುರಿದು, ದೊಡ್ಡ ಬಾಂಡ್ಲಿಯಲ್ಲಿ ಅನ್ನ ಹಾಕಿ ಚೆನ್ನಾಗಿಯೇ ಬಿಸಿ ಮಾಡಿದರು. ಎಲೆಗೆ ಬಡಿಸಿದಾಗ ಕೈ ಸುಡುತ್ತಿತ್ತು. ಎಂಟೂವರೆಗೆ ತಿಂಡಿ. ಹತ್ತೂಕಾಲಿಗೆ ರಂಗೋಲಿ ಕೆಟ್ಟಿತು.

ಆಸ್ಪತ್ರೆಗೆ ಹೋಗೋ ಮೊದಲೇ ಊರಲ್ಲಿ ಸುದ್ದಿ ಹಬ್ಬಿತ್ತು. ಎದುರು ಮನೆಯವರು ಕಣ್ಣು ಬಿದ್ದಿದೆ, ದೃಷ್ಟಿ ತೆಗೀರಿ ಅಂದರು. ಇನ್ನೊಬ್ಬರು ಒಲೆ ಯಾವ ಮೂಲೆಗಿದೆ ಅಂತ ನೋಡಿಕೊಂಡು ಹೋದರು. ಯಾರೋ ಒಬ್ಬರು ಮೆಲ್ಲಗೆ 'ಸುಳ್ವಾಡಿ' ಅಂದರು. ಅಷ್ಟೇ, ಎಲ್ಲರ ಮುಖ ಬಿಳಿಚಿಕೊಂಡಿತು. 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ಕೀಟನಾಶಕ ಬೆರೆಸಿ ಹದಿನೈದಕ್ಕಿಂತ ಹೆಚ್ಚು ಜನ ಸತ್ತಿದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಅದೂ ಅನ್ನದ ಪ್ರಸಾದವೇ.

ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊದಲು ಮಾಡಿದ್ದೇ ಟಾರ್ಚ್ ಹಿಡಿದು ಎಲ್ಲರ ಕಣ್ಣು ನೋಡಿದ್ದು. ನಮ್ಮ ಹುಡುಗನ ರೆಪ್ಪೆ ಎತ್ತಿ ಬೆಳಕು ಬಿಟ್ಟರು, ತೆಗೆದರು, ಮತ್ತೆ ಬಿಟ್ಟರು. ಬಾಯಿ ಹತ್ತಿರ ಮೂಗು ತಂದು ವಾಸನೆ ನೋಡಿದರು. ಜೊಲ್ಲು ಸುರೀತಿದೆಯಾ, ಬೆವರುತ್ತಿದ್ದಾನಾ ಅಂತ ಕೇಳಿದರು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಬೆಳೆಗೆ ಹೊಡೆಯೋ ಕೆಲವು ಔಷಧಿ ಹೊಟ್ಟೆಗೆ ಹೋದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗುತ್ತೆ, ಬಾಯಲ್ಲಿ ನೊರೆ ಬರುತ್ತೆ. ನಮಗೆ ಯಾರಿಗೂ ಹಾಗಾಗಿರಲಿಲ್ಲ. 'ಔಷಧಿ ಅಲ್ಲ' ಅಂದರು. ಜೊತೆಗೆ ಬಂದಿದ್ದ ದೊಡ್ಡಮ್ಮ ಅಲ್ಲೇ ನೆಲದ ಮೇಲೆ ಕೂತು ಕಣ್ಣೀರು ಒರೆಸಿಕೊಂಡರು.

ಆಮೇಲೆ ಡಾಕ್ಟರಮ್ಮ ಕೇಳಿದ್ದು ಏನು ತಿಂದಿರಿ ಅಂತಲ್ಲ. 'ಎಷ್ಟೊತ್ತಿಗೆ ತಿಂದ್ರಿ? ಎಷ್ಟೊತ್ತಿಗೆ ವಾಂತಿ ಶುರುವಾಯ್ತು?'

ನಾನು ಹೇಳಿದೆ. ಅವರು ಬೆರಳಲ್ಲಿ ಎಣಿಸಿದರು. ಒಂದೂಮುಕ್ಕಾಲು ಗಂಟೆ, ಎರಡು ಗಂಟೆ, ಮೂರು ಗಂಟೆ. 'ಹಾಗಾದ್ರೆ ನಿನ್ನೆ ಊಟ ಅಲ್ಲ, ಇವತ್ತಿನ ತಿಂಡಿ' ಅಂದರು.

ದೊಡ್ಡಪ್ಪ ಒಪ್ಪಲಿಲ್ಲ. 'ಹೋಳಿಗೇದೇ ಮೇಡಂ. ಆ ಭಟ್ಟ ಹಳೇ ಎಣ್ಣೆ ಹಾಕವ್ನೆ. ನೀವು ಪವರ್ ಇರೋ ಇಂಜೆಕ್ಷನ್ ಕೊಟ್ಬುಡಿ.' ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಡ್ರಿಪ್ ಹಾಕುತ್ತಲೇ ಬಿಡಿಸಿ ಹೇಳಿದರು. ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಆದರೆ ನಮ್ಮ ಹೊಟ್ಟೆಗೆ ಹೋಗಿ, ಕರುಳಲ್ಲಿ ಬೆಳೆದು ಆಮೇಲೆ ಕಾಟ ಕೊಡುತ್ತೆ. ಅದಕ್ಕೆ ಕನಿಷ್ಠ ಆರು ಗಂಟೆ, ಕೆಲವು ಸಲ ಎರಡು ಮೂರು ದಿನವೂ ಬೇಕು. ಜ್ವರ, ಭೇದಿ ಎಲ್ಲ ಇರುತ್ತೆ. ತಿಂದ ಎರಡೇ ಗಂಟೆಗೆ ಬರೀ ವಾಂತಿ ಅಂದರೆ ಬ್ಯಾಕ್ಟೀರಿಯಾ ಊಟದಲ್ಲೇ ಬೆಳೆದು, ವಿಷ ಅಲ್ಲೇ ತಯಾರಾಗಿ ಕೂತಿತ್ತು ಅಂತ ಅರ್ಥ. ನಾವು ತಿಂದಿದ್ದು ರೆಡಿಮೇಡ್ ವಿಷ. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲಬಹುದು, ಅದು ಬಿಟ್ಟುಹೋದ ವಿಷಕ್ಕೆ ಏನೂ ಮಾಡಲ್ಲ. ಅದಕ್ಕೇ ಕೊಡಲ್ಲ. ನೀರು, ಉಪ್ಪು ಒಳಗೆ ಹೋಗಬೇಕು, ವಾಂತಿ ನಿಲ್ಲಬೇಕು, ಅಷ್ಟೇ.

'ಈ ಥರ ಮಾಡೋವು ಮುಖ್ಯವಾಗಿ ಎರಡು' ಅಂದರು. ಹೆಸರು ಚೀಟಿಯ ಹಿಂದೆ ಬರೆದುಕೊಟ್ಟರು, ನಾನು ಕೇಳಿದೆ ಅಂತ. ಸ್ಟ್ಯಾಫಿಲೋಕಾಕಸ್ ಆರಿಯಸ್. ಬ್ಯಾಸಿಲಸ್ ಸೀರಿಯಸ್. ಎರಡನೆಯದನ್ನು ಓದಿ ದೊಡ್ಡಪ್ಪ ಮತ್ತೆ ಹೆದರಿದರು. 'ಸೀರಿಯಸ್ಸಾ ಮೇಡಂ?' ಡಾಕ್ಟರಮ್ಮ ಆ ದಿನ ನಕ್ಕಿದ್ದು ಅದೊಂದೇ ಸಲ.

ಮೂವರನ್ನು ಅಡ್ಮಿಟ್ ಮಾಡಿಕೊಂಡರು: ಹುಡುಗ, ಅಕ್ಕ, ದೊಡ್ಡಪ್ಪ. ಉಳಿದವರಿಗೆ ವಾಂತಿ ನಿಲ್ಲೋ ಮಾತ್ರೆ, ಓಆರ್‌ಎಸ್ ಪ್ಯಾಕೆಟ್. ಮನೆಗೆ ಬಂದರೆ ನನ್ನ ತಮ್ಮ ಒಂದು ಪ್ಯಾಕೆಟ್ಟನ್ನು ಒಂದೇ ಲೋಟಕ್ಕೆ ಸುರಿದು ಕಲಕುತ್ತಿದ್ದ. ಅಷ್ಟರಲ್ಲಿ ಬಂದ ಆಶಾ ಅಕ್ಕ ಲೋಟ ಕಿತ್ತುಕೊಂಡು ಚೆಲ್ಲಿದರು. 'ಒಂದು ಪ್ಯಾಕೆಟ್‌ಗೆ ಒಂದು ಲೀಟರ್ ನೀರು. ಜಾಸ್ತಿ ಗಟ್ಟಿ ಮಾಡಿದ್ರೆ ಒಳ್ಳೇದಲ್ಲ, ಇನ್ನೂ ಕೆಟ್ಟದ್ದು. ಒಂದೇ ಸಲ ಗಟಗಟ ಅಂತ ಕುಡೀಬೇಡಿ. ಒಂದೊಂದು ಗುಟುಕು.' ಗಟಗಟ ಕುಡಿದವರಿಗೆಲ್ಲ ಅದೂ ವಾಪಸ್ ಬಂದಿತ್ತು. ಚಮಚದಲ್ಲಿ ಕುಡಿದಿದ್ದು ನಿಂತಿತು.

ಸಂಜೆ ಹೊತ್ತಿಗೆ ಎಲ್ಲರೂ ಸುಸ್ತಾಗಿ ಮಲಗಿದ್ದರು, ಆದರೆ ವಾಂತಿ ನಿಂತಿತ್ತು. ಆಸ್ಪತ್ರೆಯಲ್ಲಿದ್ದ ಮೂವರೂ ಮಾರನೇ ದಿನ ಬೆಳಗ್ಗೆ ಮನೆಗೆ ಬಂದರು. ಕಾಯಿಲೆ ಕಥೆ ಅಲ್ಲಿಗೆ ಮುಗಿಯಿತು. ನಾನು ಬರೆಯೋಕೆ ಕೂತಿದ್ದು ಅದರ ನಂತರದ ಕಥೆಗೆ.

ಒಂದೇ ಮನೆಯಲ್ಲಿ ಇಷ್ಟು ಜನಕ್ಕೆ ಹೀಗಾದರೆ ಆಸ್ಪತ್ರೆಯವರು ಮೇಲಕ್ಕೆ ತಿಳಿಸಲೇಬೇಕಂತೆ. ಮಂಗಳವಾರ ಹೆಲ್ತ್ ಇನ್ಸ್‌ಪೆಕ್ಟರ್ ಬಂದರು. ನಿವೃತ್ತಿ ಹತ್ತಿರ ಇರೋ ವಯಸ್ಸು, ಕಂಕುಳಲ್ಲಿ ಒಂದು ಐಸ್ ಡಬ್ಬ. ಅಡುಗೆಮನೆ, ಸಂಪು, ಬಚ್ಚಲು ಎಲ್ಲ ನೋಡಿದರು. ನೀರಿನ ಸ್ಯಾಂಪಲ್ ತೆಗೆದರು. ಉಳಿದ ಪುಳಿಯೋಗರೆ ಎಲ್ಲಿ ಅಂದರು. ಅದನ್ನು ಗಾಬರಿಯಲ್ಲಿ ತಿಪ್ಪೆಗೆ ಸುರಿದು, ಬಾಂಡ್ಲಿಯನ್ನು ಬೂದಿ ಹಾಕಿ ತಿಕ್ಕಿಟ್ಟಿದ್ದೆವು. ಅವರು ತಲೆ ಚಚ್ಚಿಕೊಂಡರು. 'ಎಲ್ರೂ ಇದನ್ನೇ ಮಾಡ್ತೀರಪ್ಪ. ಕಳ್ಳ ಬಿಟ್ಟುಹೋದ ಚಪ್ಪಲಿ ನೀವೇ ತೊಳೆದಿಟ್ಟ ಹಾಗೆ.'

ಆಮೇಲೆ ಒಂದು ಕೆಲಸ ಕೊಟ್ಟರು. ಪಟ್ಟಿ ಮಾಡಿ ಅಂದರು. ಯಾರು, ಏನು ತಿಂದರು, ಎಷ್ಟೊತ್ತಿಗೆ ತಿಂದರು, ಎಷ್ಟೊತ್ತಿಗೆ ಶುರು, ಏನಾಯಿತು. ಹುಷಾರಾಗಿದ್ದವರನ್ನೂ ಸೇರಿಸಿ ಅಂತ ಒತ್ತಿ ಹೇಳಿದರು. 'ಕಾಯಿಲೆ ಬಿದ್ದವರು ಅರ್ಧ ಕಥೆ ಹೇಳ್ತಾರೆ. ಬೀಳದವರು ಉಳಿದರ್ಧ ಹೇಳ್ತಾರೆ.'

ಭಾನುವಾರ ಬಂದವರ ಪಟ್ಟಿ ಎಲ್ಲಿ ಸಿಗುತ್ತೆ? ಮುಯ್ಯಿ ಪುಸ್ತಕ! ಯಾರ್ಯಾರು ಎಷ್ಟು ಹಾಕಿದ್ದಾರೆ ಅಂತ ಬರೆದಿಟ್ಟ ನೋಟ್‌ಬುಕ್. ಇಂಥ ಕೆಲಸಕ್ಕೆ ಅದು ಬಳಕೆಯಾಗಿದ್ದು ನಮ್ಮ ಜಿಲ್ಲೆಯಲ್ಲಿ ಇದೇ ಮೊದಲಿರಬೇಕು. ಎರಡು ದಿನ ಕೂತು ಫೋನ್ ಮಾಡಿದೆ. 'ಗೃಹಪ್ರವೇಶದ ಊಟ ಆದ ಮೇಲೆ ಹುಷಾರಿದ್ದೀರಾ?' ಅಂತ ಕೇಳೋದು ಎಷ್ಟು ನಾಚಿಕೆಗೇಡು ಅಂತ ಮಾಡಿದವರಿಗೇ ಗೊತ್ತು. ಕೆಲವರು ಊಟ ಚೆನ್ನಾಗಿತ್ತಾ ಅಂತ ಕೇಳೋಕೆ ಮಾಡಿದ್ದಾನೆ ಅಂದುಕೊಂಡು ಹೋಳಿಗೆ ಹೊಗಳಿದರು. ಒಬ್ಬರು ಮಾತ್ರ ರಾತ್ರಿ ಹೊಟ್ಟೆ ಕೆಟ್ಟಿತ್ತು ಅಂದರು. ಆದರೆ ಅವರು ನಮ್ಮ ಮನೆಯಿಂದ ನೇರ ಎಲ್ಲಿಗೆ ಹೋಗಿದ್ದರು ಅಂತ ಅವರ ಹೆಂಡತಿ ಫೋನ್ ಕಿತ್ತುಕೊಂಡು ಹೇಳಿದರು. ಅವರನ್ನು ಪಟ್ಟಿಯಿಂದ ಬಿಟ್ಟೆ.

ಪಟ್ಟಿ ತುಂಬುತ್ತಾ ಹೋದ ಹಾಗೆ ಚಿತ್ರ ಬಿಡಿಸಿಕೊಂಡಿತು. ಭಾನುವಾರ ಮಾತ್ರ ಉಂಡು ಹೋದವರಲ್ಲಿ ಒಬ್ಬರಿಗೂ ವಾಂತಿ ಆಗಿರಲಿಲ್ಲ. ಸೋಮವಾರ ಮನೆಯಲ್ಲಿ ಪುಳಿಯೋಗರೆ ತಿಂದವರು 20 ಜನ, ವಾಂತಿ ಆಗಿದ್ದು 12 ಜನಕ್ಕೆ. ನಮ್ಮಜ್ಜಿ ಭಾನುವಾರ ನಾಲ್ಕು ಹೋಳಿಗೆ ಬಾರಿಸಿದ್ದಳು, ಎಂಬತ್ತರ ಮೇಲೆ ವಯಸ್ಸು, ಒಂದು ಕೆಮ್ಮೂ ಇಲ್ಲ. ಯಾಕೆ? ಸೋಮವಾರ ಅವಳಿಗೆ ಒಪ್ಪತ್ತು. ಎರಡು ಬಾಳೆಹಣ್ಣು, ಹಾಲು ಬಿಟ್ಟು ಬೆಳಗ್ಗೆ ಏನೂ ತಿಂದಿರಲಿಲ್ಲ. ಶಿವನೇ ಕಾಪಾಡಿದ ಅಂತ ಅವಳ ಲೆಕ್ಕ.

ನನಗೆ ಮೈ ಜುಮ್ ಅಂದಿದ್ದು ಮೈಸೂರಿನ ಚಿಕ್ಕಮ್ಮನಿಗೆ ಫೋನ್ ಮಾಡಿದಾಗ. ಅವರು ಸೋಮವಾರ ಬೆಳಗ್ಗೆ ಏಳರ ಬಸ್ಸಿಗೇ ಹೊರಟಿದ್ದರು. ಅವ್ವ ಮೊದಲ ಒಬ್ಬೆಯಲ್ಲೇ ಒಂದು ಡಬ್ಬ ಪುಳಿಯೋಗರೆ ಕಟ್ಟಿಕೊಟ್ಟಿದ್ದಳು. ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ ಸುದ್ದಿ ಅವರಿಗೆ ಗೊತ್ತೇ ಇರಲಿಲ್ಲ. 'ನಂಗೂ ನಿಮ್ಮ ಚಿಕ್ಕಪ್ಪಂಗೂ ಮಧ್ಯಾಹ್ನ ಮೂರು ಗಂಟೆಗೆ ವಾಂತಿ ಶುರುವಾಯ್ತು ಕಣೋ. ಬಿಸಿಲಲ್ಲಿ ಬಂದಿದ್ದಕ್ಕೆ ಪಿತ್ತ ಅಂದ್ಕೊಂಡ್ವಿ.' ಡಬ್ಬ ತೆಗೆದಿದ್ದು ಎಷ್ಟೊತ್ತಿಗೆ ಅಂದೆ. 'ಒಂದು ಗಂಟೆಗೆ.'

ನಾವು ಎಂಟೂವರೆಗೆ ತಿಂದೆವು, ಹತ್ತೂಕಾಲಿಗೆ ಶುರು. ಅವರು ಒಂದಕ್ಕೆ ತಿಂದರು, ಮೂರಕ್ಕೆ ಶುರು. ಊರು ಬೇರೆ, ನೀರು ಬೇರೆ, ಡಬ್ಬ ಒಂದೇ. ಇನ್ಸ್‌ಪೆಕ್ಟರಿಗೆ ತಕ್ಷಣ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: 'ಡಬ್ಬದಲ್ಲಿ ಉಳಿದಿದೆಯಾ?' ಉಳಿದಿತ್ತು! ಎರಡು ಸೌಟಿನಷ್ಟು. ಚಿಕ್ಕಮ್ಮ ಎಸೆಯೋಕೆ ಮನಸ್ಸು ಬರದೆ ಫ್ರಿಜ್ಜಿನಲ್ಲಿಟ್ಟಿದ್ದರು. ಐಸ್ ಡಬ್ಬದಲ್ಲಿ ಅದು ಲ್ಯಾಬಿಗೆ ಹೋಯಿತು.

ಅದೇ ದಿನ ಇನ್ಸ್‌ಪೆಕ್ಟರ್ ಮನೆಗೆ ಬಂದು ಅನ್ನ ಕಲೆಸಿದವರು ಯಾರು ಅಂದರು. ಅವ್ವ ಮುಂದೆ ಬಂದಳು. ಕೈ ತೋರಿಸಿ ಅಂದರು. ಬಲಗೈ ಹೆಬ್ಬೆರಳಲ್ಲಿ ಗಾಯ ಇತ್ತು. ಶನಿವಾರ ಕಾಯಿ ತುರಿಯುವಾಗ ತುರಿಮಣೆ ತಾಗಿದ್ದು, ಸ್ವಲ್ಪ ಕೀವು ಕಟ್ಟಿತ್ತು. ಇನ್ಸ್‌ಪೆಕ್ಟರ್ ಏನೂ ಹೇಳಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡರು. ಹೊರಗೆ ಬಂದು ನನಗೆ ಹೇಳಿದರು. ಸ್ಟ್ಯಾಫಿಲೋಕಾಕಸ್ ಇರೋದು ಮನುಷ್ಯರ ಮೂಗಿನಲ್ಲಿ, ಚರ್ಮದ ಮೇಲೆ, ಕೀವಿನಲ್ಲಿ. ಗಾಯದ ಕೈಯಲ್ಲಿ ಕಲೆಸಿದರೆ ಊಟಕ್ಕೆ ಇಳಿಯುತ್ತೆ, ಬೆಚ್ಚಗಿನ ಜಾಗದಲ್ಲಿ ಬೆಳೆದು ವಿಷ ಬಿಡುತ್ತೆ. ಆ ವಿಷವೂ ಬಿಸಿ ಮಾಡಿದರೆ ಹೋಗಲ್ಲ. ಲಕ್ಷಣವೂ ಹೆಚ್ಚುಕಡಿಮೆ ಇದೇ. ಎರಡರಲ್ಲಿ ಯಾವುದು ಅಂತ ಲ್ಯಾಬೇ ಹೇಳಬೇಕು.

ಅವ್ವ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು.

ರಿಪೋರ್ಟ್ ಬರೋವರೆಗೆ ಅವಳು ಅಡುಗೆಮನೆಗೆ ಕಾಲಿಡಲಿಲ್ಲ. ಮೊಮ್ಮಗನಿಗೆ ತುತ್ತು ಕೊಡಲಿಲ್ಲ. ಊಟದ ಹೊತ್ತಿಗೆ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದಳು. ನಾವು ಏನು ಸಮಾಧಾನ ಹೇಳಿದರೂ 'ನನ್ ಕೈಲೇ ವಿಸ ಹಾಕ್ಬುಟ್ನಲ್ಲ' ಅಂತ ಒಂದೇ ಮಾತು. ವಾಂತಿಗಿಂತ ಆ ದಿನಗಳೇ ನನಗೆ ಕಷ್ಟ ಅನಿಸಿದ್ದು.

ಇದರ ನಡುವೆ ದೊಡ್ಡಪ್ಪ ಭಟ್ಟರಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದಿದ್ದರು. ಬಾಕಿ ಕೊಡಬೇಕಿದ್ದ ನಾಲ್ಕು ಸಾವಿರವನ್ನು ನಾನೂ ತಡೆಹಿಡಿದಿದ್ದೆ. ಡಾಕ್ಟರಮ್ಮ ಮೊದಲ ದಿನವೇ ಭಾನುವಾರದ ಊಟ ಅಲ್ಲ ಅಂದಿದ್ದರು. ಆದರೂ ತಡೆಹಿಡಿದೆ. ಯಾರನ್ನಾದರೂ ಬೈಯೋಕೆ ಒಬ್ಬರು ಬೇಕಿತ್ತು, ಅಷ್ಟೇ.

ರಿಪೋರ್ಟ್ ಬಂತು ಅಂತ ಇನ್ಸ್‌ಪೆಕ್ಟರ್ ಫೋನ್ ಮಾಡಿದಾಗ ನಾನೇ ಲ್ಯಾಬಿಗೆ ಹೋದೆ. ಅಲ್ಲಿನ ಟೆಕ್ನಿಷಿಯನ್ ಪುಣ್ಯಾತ್ಮ, ಕೇಳಿದ್ದಕ್ಕೆಲ್ಲ ಹೇಳೋ ಮನುಷ್ಯ. ಅಂಗೈಯಗಲದ ಗಾಜಿನ ತಟ್ಟೆಯೊಂದನ್ನು ಮುಚ್ಚಳ ತೆಗೆಯದೆ ಬೆಳಕಿಗೆ ಹಿಡಿದು ತೋರಿಸಿದರು. ಗುಲಾಬಿ ಬಣ್ಣದ ಹಾಸು. ಅದರ ಮೇಲೆ ಅಂಚು ಸೊಟ್ಟಗಿರೋ ಒಣ ಚುಕ್ಕೆಗಳು, ಅವೂ ಗುಲಾಬಿ. ಪ್ರತಿ ಚುಕ್ಕೆ ಸುತ್ತ ಮಬ್ಬು ಬಿಳಿ ಬಳೆ. ಹಾಸಿನಲ್ಲಿ ಮೊಟ್ಟೆಯ ಹಳದಿ ಬೆರೆಸಿರುತ್ತಾರಂತೆ, ಈ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಆ ಬಳೆ ಮೂಡುತ್ತೆ. 'ಇದೇ ನಿಮ್ಮ ಬ್ಯಾಸಿಲಸ್ ಸೀರಿಯಸ್. ಗ್ರಾಮ್‌ಗೆ ಒಂದು ಲಕ್ಷ ಇದ್ರೇ ನಾವು ಅಪಾಯ ಅಂತೀವಿ, ಇದು ಅದನ್ನು ಯಾವತ್ತೋ ದಾಟಿದೆ' ಅಂದರು. ಸ್ಟ್ಯಾಫಿಲೋಕಾಕಸ್‌ಗೆ ಬೇರೆ ತಟ್ಟೆ. ಇದ್ದಿದ್ದರೆ ಅದರಲ್ಲಿ ಕಪ್ಪು ಚುಕ್ಕೆ ಬರಬೇಕಿತ್ತು. ಬಂದಿರಲಿಲ್ಲ.

ಆ ಖಾಲಿ ತಟ್ಟೆಯ ಫೋಟೋ ತೆಗೆದು ಅವ್ವನಿಗೆ ಕಳಿಸಿದೆ. ಅವಳಿಗೆ ಏನು ಅರ್ಥವಾಯಿತೋ, 'ನನ್ ಕೈ ಅಲ್ವಾ?' ಅಂತ ವಾಯ್ಸ್ ಮೆಸೇಜ್ ಬಂತು. ಅಲ್ಲ ಅಂದೆ.

ಹೆಸರಿಗೂ ಸೀರಿಯಸ್‌ನೆಸ್‌ಗೂ ಸಂಬಂಧ ಇಲ್ಲ ಅಂತಲೂ ಅಲ್ಲೇ ಗೊತ್ತಾಯಿತು. ಸೀರಿಯಸ್ ಅಂದರೆ ಲ್ಯಾಟಿನ್‌ನಲ್ಲಿ ಮೇಣದಂಥದ್ದು. ತಟ್ಟೆಯಲ್ಲಿ ಬೆಳೆದಾಗ ಮೇಣ ತೊಟ್ಟಿಕ್ಕಿದ ಹಾಗೆ ಕಾಣುತ್ತೆ ಅಂತ ಆ ಹೆಸರು. 1887ರಲ್ಲಿ ಇಂಗ್ಲೆಂಡಿನ ಗ್ರೇಸ್ ಮತ್ತು ಪರ್ಸಿ ಫ್ರಾಂಕ್‌ಲ್ಯಾಂಡ್ ದಂಪತಿ ಇದನ್ನು ಹಸುವಿನ ಕೊಟ್ಟಿಗೆಯ ಗಾಳಿಯಲ್ಲಿ ಹಿಡಿದರಂತೆ. ಮಣ್ಣಲ್ಲಿ, ಧೂಳಲ್ಲಿ, ಗದ್ದೆಯಲ್ಲಿ ಎಲ್ಲ ಕಡೆ ಇರೋದೇ. ಭತ್ತದ ಜೊತೆ ಅಕ್ಕಿಗೂ ಬರುತ್ತೆ. ನಾವು ಕೊಂಡ ಅಕ್ಕಿಯಲ್ಲಿತ್ತು, ನೀವು ಕೊಂಡ ಅಕ್ಕಿಯಲ್ಲೂ ಇರಬಹುದು. ಅಕ್ಕಿ ಅಂಗಡಿಯವನದೇನೂ ತಪ್ಪಿಲ್ಲ.

ಹಾಗಾದರೆ ಬೇಯಿಸಿದಾಗ ಸಾಯೋದಿಲ್ಲವಾ? ಅಲ್ಲೇ ಇರೋದು ಕಿತಾಪತಿ. ಈ ಬ್ಯಾಕ್ಟೀರಿಯಾ ಕಷ್ಟ ಬಂದಾಗ ಗಟ್ಟಿ ಕವಚದ ಬೀಜದ ಹಾಗೆ ಆಗಿ ಕೂರುತ್ತೆ, ಸ್ಪೋರ್ ಅಂತಾರೆ. ಅನ್ನ ಕುದಿಯೋ ಬಿಸಿಗೆ ಉಳಿದ ಬ್ಯಾಕ್ಟೀರಿಯಾ ಸಾಯುತ್ತವೆ, ಈ ಬೀಜಗಳಲ್ಲಿ ಎಷ್ಟೋ ಸಾಯಲ್ಲ. ಮೇಲಾಗಿ ಆ ಬಿಸಿಯೇ ಅವಕ್ಕೆ ಅಲಾರಾಂ. ಅನ್ನ ಆರುತ್ತಾ 50 ಡಿಗ್ರಿಗಿಂತ ಕೆಳಗೆ ಬಂದಾಗ ಮೊಳಕೆ ಒಡೆಯುತ್ತವೆ. ಪಕ್ಕದಲ್ಲಿ ಪೈಪೋಟಿಗೆ ಯಾರೂ ಇಲ್ಲ, ಸುತ್ತ ಹತ್ತು ಕೆ.ಜಿ. ಅಕ್ಕಿಯ ಅನ್ನ. ಅರ್ಧ ಗಂಟೆಗೊಮ್ಮೆ ಎರಡರಷ್ಟು ಅಂತ ಇಟ್ಟುಕೊಂಡರೂ ನೂರು ಇದ್ದದ್ದು ಏಳು ಗಂಟೆಯಲ್ಲಿ ಹದಿನಾರು ಲಕ್ಷ ದಾಟುತ್ತೆ. ನಮ್ಮ ಕೊಳಗಕ್ಕೆ ಸಿಕ್ಕಿದ್ದು ಹದಿನಾರು ಗಂಟೆ, ಅದೂ ಮೇ ತಿಂಗಳ ರಾತ್ರಿ.

ಅವು ಬಿಡೋ ವಿಷದ ಹೆಸರು ಸೆರಿಯುಲೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಹೊಟ್ಟೆಯಿಂದ ಮೆದುಳಿಗೆ ಹೋಗೋ ನರವನ್ನು ಕೆಣಕಿ ವಾಂತಿ ಮಾಡಿಸುತ್ತೆ. ಪ್ರೆಷರ್ ಕುಕ್ಕರಿನೊಳಗೆ ಇರೋದು ಸುಮಾರು 120 ಡಿಗ್ರಿ. ಆ ಬಿಸಿಗೂ ಇದು ಜಗ್ಗಲ್ಲ. ಇನ್ನು ನಮ್ಮ ಬಾಂಡ್ಲಿ ಯಾವ ಲೆಕ್ಕ? ಬ್ಯಾಕ್ಟೀರಿಯಾ ಸತ್ತಿರಬಹುದು, ವಿಷ ಹಾಗೇ ಎಲೆಗೆ ಬಂತು. ಪುಳಿಯೋಗರೆಯ ಹುಣಸೆಹುಳಿ ಕಾಪಾಡಬಾರದಿತ್ತಾ ಅಂತ ಕೇಳಿದೆ. ಹುಳಿಯಲ್ಲಿ ಅದು ಬೆಳೆಯೋದು ಕಷ್ಟ, ನಿಜ. ಆದರೆ ನಾವು ಹುಳಿ ಹಾಕಿದ್ದು ಅದು ಬೆಳೆದು ಮುಗಿಸಿದ ಮೇಲೆ.

ಸಾಮಾನ್ಯವಾಗಿ ಒಂದು ದಿನದಲ್ಲಿ ವಾಸಿಯಾಗುತ್ತೆ. ಎಲ್ಲರಿಗೂ ಅಲ್ಲ. 2008ರಲ್ಲಿ ಬ್ರಸೆಲ್ಸ್‌ನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಹೊರಗಿಟ್ಟಿದ್ದ ಸ್ಪಾಗೆಟ್ಟಿಯನ್ನು ಬಿಸಿ ಮಾಡಿ ತಿಂದು ಅದೇ ರಾತ್ರಿ ಸತ್ತ. ಇದನ್ನು ಓದಿದ ದಿನ ಅಕ್ಕನ ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಸುಮ್ನೆ ಕೂತಿದ್ದೆ.

ಇನ್ನೊಂದು ವಿಷಯ ಓದಿ ನಗು ಬಂತು. 1970ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ಚೈನೀಸ್ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರು ಹೀಗೇ ಸಾಲುಸಾಲಾಗಿ ವಾಂತಿ ಮಾಡಿದ್ದರು. ಅಲ್ಲಿನ ಅಡುಗೆಯವರು ಅನ್ನ ಬೇಯಿಸಿ ರಾತ್ರಿಯಿಡೀ ಹೊರಗೇ ಇಡುತ್ತಿದ್ದರು. ಫ್ರಿಜ್ಜಿನಲ್ಲಿಟ್ಟರೆ ಅನ್ನ ಗಂಟುಕಟ್ಟುತ್ತೆ, ಹುರಿದಾಗ ಉದುರಾಗಿ ಬರಲ್ಲ ಅಂತ! ಆ ಉದುರಿನ ಆಸೆ ಅವ್ವನಿಗೂ ಇತ್ತು.

ಅಜ್ಜಿಗೆ ಇದನ್ನೆಲ್ಲ ಹೇಳಿದಾಗ ಅವಳು ತನ್ನ ತಂಗಳನ್ನದ ಪುರಾಣ ತೆಗೆದಳು. 'ನಾವು ರಾತ್ರಿ ಅನ್ನಕ್ಕೆ ನೀರು ಹುಯ್ದು, ಒಂದು ಉದ್ದರಣೆ ಮಜ್ಜಿಗೆ ಬುಟ್ಟು ಮಡಗ್ತಿದ್ವು. ಬೆಳಗ್ಗೆ ಈರುಳ್ಳಿ ಕಡ್ಕೊಂಡು ಉಣ್ತಿದ್ವು. ಯಾವನ್ ಸತ್ತಿದ್ದ?' ಇನ್ಸ್‌ಪೆಕ್ಟರಿಗೆ ಹೇಳಿದೆ. ಅವರು ತಳ್ಳಿಹಾಕಲಿಲ್ಲ. ತಣ್ಣೀರು ಹುಯ್ದರೆ ಅನ್ನ ಬೇಗ ಆರುತ್ತೆ, ಮಜ್ಜಿಗೆಯಿಂದ ಹುಳಿ ಬರುತ್ತೆ, ಎರಡೂ ಈ ಬ್ಯಾಕ್ಟೀರಿಯಾಗೆ ಆಗಿಬರಲ್ಲ ಅಂದರು. 'ಆದ್ರೆ ಇದು ಒಂದು ತಪ್ಪಲೆ ಅನ್ನದ ಮಾತು. ಕೊಳಗಕ್ಕೆ ಒಂದು ಚೊಂಬು ನೀರು ಹುಯ್ದು ಅಜ್ಜಿ ಹೇಳಿದ್ದಾರೆ ಅನ್ಬೇಡಿ.'

ಅವರು ಹೇಳಿದ ಲೆಕ್ಕ ಸುಲಭ. 60 ಡಿಗ್ರಿಗಿಂತ ಬಿಸಿ ಇರಲಿ, ಇಲ್ಲ 5 ಡಿಗ್ರಿಗಿಂತ ತಣ್ಣಗಿರಲಿ. ನಡುವಿನ ಬೆಚ್ಚಗೆ ಇದೆಯಲ್ಲ, ಅಲ್ಲಿ ನಿಲ್ಲಬಾರದು. ಉಳಿದ ಅನ್ನವನ್ನು ಪರಾತಕ್ಕೆ ತೆಳ್ಳಗೆ ಹರಡಿ, ಫ್ಯಾನ್ ಕೆಳಗೆ ಆರಿಸಿ, ಒಂದೆರಡು ಗಂಟೆಯೊಳಗೆ ಸಣ್ಣ ಡಬ್ಬಗಳಲ್ಲಿ ಫ್ರಿಜ್ಜಿಗೆ ಸೇರಿಸಬೇಕು. ಫ್ರಿಜ್ಜಲ್ಲಿ ಜಾಗ ಇಲ್ಲದಿದ್ದರೆ ಬಿಸಿ ಇರುವಾಗಲೇ ಹಂಚಿಬಿಡಬೇಕು.

ನನಗೆ ನಂಬಿಕೆ ಸಾಲದೆ ಅಡುಗೆಗೆ ಚುಚ್ಚೋ ಥರ್ಮಾಮೀಟರ್ ಒಂದು ತರಿಸಿದೆ. ಸೋದರಮಾವನ ಮನೆಯ ನಾಮಕರಣದಲ್ಲಿ ಅನ್ನ ಇಳಿಸಿ ಆರು ಗಂಟೆಯಾದ ಮೇಲೆ ಉಳಿದ ಕೊಳಗಕ್ಕೆ ಚುಚ್ಚಿ ನೋಡಿದೆ. ನಡುವೆ 63, ಅಂಚಿನಲ್ಲಿ 41. ಅಂಚಿನ ಅನ್ನ ಹಬ್ಬ ಮಾಡುತ್ತಿತ್ತು, ನಡುವಿನದು ಸರದಿಗೆ ಕಾಯುತ್ತಿತ್ತು. ಸೋದರತ್ತೆ 'ಏನ್ಲಾ ಅದು, ಅನ್ನಕ್ಕೂ ಜ್ವರ ನೋಡ್ತಿಯಾ?' ಅಂದರು. ಆ ಅನ್ನವನ್ನು ಹಸುವಿಗೂ ಹಾಕಲು ಬಿಡಲಿಲ್ಲ ನಾನು. ಎರಡು ತಿಂಗಳು ಮಾತು ಬಿಟ್ಟಿದ್ದರು.

ಭಟ್ಟರ ಬಾಕಿ ಉಳಿದಿತ್ತಲ್ಲ. ರಿಪೋರ್ಟ್ ಬಂದ ವಾರ ನಾಲ್ಕು ಸಾವಿರ ಕವರಿನಲ್ಲಿಟ್ಟು, ಮೇಲೆ ಐನೂರು ಸೇರಿಸಿ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದರು. ಎಲ್ಲ ಹೇಳಿದೆ. ಬ್ಯಾಕ್ಟೀರಿಯಾ ಹೆಸರನ್ನೂ ಹೇಳಿದೆ. ಕೊನೆಗೆ, ಆ ಕೊಳಗ ಆರಿಸಬೇಕು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ ಭಟ್ರೆ, ತಪ್ಪಾಯ್ತು ಅಂದೆ.

ಅವರು ಹುರುಳಿಕಾಯಿ ಕೆಳಗಿಟ್ಟರು. 'ಹೋಗುವಾಗ ಹೇಳಿದ್ನಲ್ಲ. ಕೊನೇ ಕೊಳಗ ಯಾರೂ ಮುಟ್ಟಿಲ್ಲ, ಈಗ್ಲೇ ಪರಾತಕ್ಕೆ ಸುರಿದು ಹರಡ್ಸಿ, ಇಲ್ಲ ಪಕ್ಕದ ಹಾಸ್ಟೆಲ್‌ಗೆ ಕೊಟ್ಬಿಡಿ, ರಾತ್ರಿ ಇಟ್ರೆ ಕೆಡುತ್ತೆ ಅಂತ.'

ಯಾರಿಗೆ ಹೇಳಿದಿರಿ ಅಂದೆ.

'ನಿಮಗೇ. ಫೋನಲ್ಲಿದ್ರಿ. ಸರಿ ಭಟ್ರೆ ಸರಿ ಅಂದ್ರಲ್ಲ ಸ್ವಾಮಿ.'

ಕವರ್ ತೆಗೆದುಕೊಂಡು ಎಣಿಸಿದರು. ಐನೂರನ್ನು ವಾಪಸ್ ಕೊಟ್ಟರು.

ಸಂಜೆ ಮನೆಗೆ ಬಂದಾಗ ಅವ್ವ ಅಡುಗೆಮನೆಯಲ್ಲಿದ್ದಳು. ಹೆಬ್ಬೆರಳ ಗಾಯ ಮಾಯುತ್ತಿತ್ತು. ಭಟ್ಟರು ಹೇಳಿದ್ದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. 'ನಿನ್ ಕಿವೀಗೆ ಫೋನು ಅಂಟ್ಕಂಡ್ರೆ ಊರು ಹತ್ಕಂಡು ಉರುದ್ರೂ ಗೊತ್ತಾಗಕಿಲ್ಲ ಬುಡು' ಅಂದಳು. ಆಮೇಲೆ ಮಧ್ಯಾಹ್ನದ ಅನ್ನ ಇಟ್ಟಿದ್ದ ಡಬ್ಬವನ್ನು ಫ್ರಿಜ್ಜಿನಿಂದ ತೆಗೆದು, ಮುಚ್ಚಳ ಬಿಚ್ಚಿ, ಮೂಸಿ ನೋಡಿದಳು. ವಾಸನೆಯಲ್ಲಿ ಏನೂ ಗೊತ್ತಾಗಲ್ಲ ಅವ್ವ ಅಂದೆ. 'ಗೊತ್ತು' ಅಂದಳು, ಮತ್ತೊಂದು ಸಲ ಮೂಸಿದಳು.